ಅತ್ತೆ ತಲೆಕೆಳಗೆ ನೆಟ್ಟ ಕಾಂಡ್ಲಾ

ನಾನು ಮದುವೆಯಾಗಿ ಹೆಮ್ಮಾಡಿ ಹತ್ತಿರದ ಹೊಳೆದಂಡೆಗೆ ಬಂದದ್ದು ತೊಂಬತ್ತೇಳರಲ್ಲಿ. ಆಗ ಮನೆಯೆದುರಿನ ದಂಡೆ ಬೋಳು. ಉದ್ದಕ್ಕೂ ಇದ್ದ, ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಕಾಡನ್ನು ಕಡಿದು ಸೀಗಡಿ ಕೆರೆ ತೋಡಿದ್ದರಂತೆ. ಸೀಗಡಿಗೆ ರೋಗ ಬಂತು, ಕೆರೆಯವರು ಪಂಪು ಎತ್ತಿಕೊಂಡು ಹೋದರು, ಖಾಲಿ ಹೊಂಡಗಳು ನಮಗೆ ಉಳಿದವು. ಬೇರಿನ ಹಿಡಿತ ತಪ್ಪಿದ ಮಣ್ಣು ಮಳೆಗಾಲಕ್ಕೊಮ್ಮೆ ಕುಸಿಯುತ್ತಿತ್ತು. ಉಬ್ಬರದ ಉಪ್ಪುನೀರು ಪಕ್ಕದ ಮನೆಯವರ ಗದ್ದೆಗೆ ನುಗ್ಗಿ, ಅವರು ಬೇಸಾಯವನ್ನೇ ಬಿಟ್ಟಿದ್ದರು.

ಅತ್ತೆ ಬುಟ್ಟಿ ಹೊತ್ತು ಮೀನು ಮಾರುವವರು. ಹೊಳೆಯಲ್ಲಿ ಏಡಿ, ಕಾಣೆ ಮೀನು ಸಿಗುವುದು ನಿಂತ ಮೇಲೆ ಬಂದರಿನ ಬಂಗುಡೆಯನ್ನೇ ನೆಚ್ಚಿಕೊಂಡಿದ್ದರು. ಕೆಲವು ವರ್ಷ ಕಳೆದು ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಬ್ರಹ್ಮಾವರದಿಂದ ಬಸ್ಸಿನಲ್ಲಿ ಬಂದು, ದಂಡೆಗೆ ಮತ್ತೆ ಕಾಂಡ್ಲಾ ನೆಡೋಣ, ಹೆಂಗಸರು ಕೈಜೋಡಿಸಿ ಎಂದಾಗ ಅತ್ತೆ ನಕ್ಕುಬಿಟ್ಟರು. ಹರೆಯದಲ್ಲಿ ಅವರು ಒಲೆಗೆ ಕಡಿದು ಒಟ್ಟುತ್ತಿದ್ದದ್ದು ಅದೇ ಮರ. ಆದರೂ ಮರುದಿನ ಎಲ್ಲರಿಗಿಂತ ಮೊದಲು ಸೀರೆ ಎತ್ತಿಕಟ್ಟಿ ಕೆಸರಿಗಿಳಿದದ್ದು ಅವರೇ.

ಕಾಂಡ್ಲಾದ ಬೀಜ ನುಗ್ಗೆಕಾಯಿಯ ಹಾಗೆ ಉದ್ದಕ್ಕಿರುತ್ತದೆ. ಚೂಪು ತುದಿಯನ್ನು ಕೆಸರಿಗೆ ಚುಚ್ಚಬೇಕೆಂದು ಗಾರ್ಡ್ ತೋರಿಸಿಕೊಟ್ಟರು. ಅತ್ತೆ ಅದನ್ನು ನೋಡಲೇ ಇಲ್ಲ, ನನ್ನನ್ನು ನೋಡಿ ನಗುತ್ತಿದ್ದರು. ನಾನು ಮೊಣಕಾಲುದ್ದ ಹೂತುಹೋಗಿದ್ದೆ. ಎಳೆದರೆ ಕಾಲು ಬರುತ್ತಿತ್ತು, ಚಪ್ಪಲಿ ಬರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಎರಡು ಸಾಲು ನೆಟ್ಟು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಗಾರ್ಡ್ ಬಂದು ನೋಡಿ ಸಣ್ಣಗೆ ಕೆಮ್ಮಿದರು.

"ಅಮ್ಮ, ಎಲ್ಲ ತಲೆಕೆಳಗೆ ನೆಟ್ಟಿದ್ರಿ."

ಅತ್ತೆ ಒಂದು ಗಳಿಗೆ ಸಾಲನ್ನೇ ನೋಡಿದರು. "ಬದ್ಕುಕ್ ಮನಸ್ಸಿದ್ರೆ ಅದೇ ತಿರುಗ್ಕಂತ್, ಬಿಡಿ."

ಗಾರ್ಡ್ ಆಚೆ ತಿರುಗಿ ನಕ್ಕರು. ಅವರು ಬಸ್ಸಿಗೆ ಹೋದ ಮೇಲೆ ಅತ್ತೆ ಒಂದೊಂದನ್ನೂ ಕಿತ್ತು ಸರಿಯಾಗಿ ನೆಟ್ಟರು. ಇದನ್ನು ಯಾರಿಗೂ ಹೇಳಬಾರದೆಂದು ನನಗೆ ಕಟ್ಟಪ್ಪಣೆಯಾಯಿತು.

ಮೊದಲ ವರ್ಷ ನೆರೆಗೆ ಅರ್ಧದಷ್ಟು ಗಿಡಗಳು ಕೊಚ್ಚಿಹೋದವು. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಮೂರನೆಯ ದಿನ ಗಾರ್ಡಿಗೆ ಹೇಳಿಕಳಿಸಿ ಬೀಜ ತರಿಸಿದರು. ಮೇಯಲು ಬಂದ ಎಮ್ಮೆಗಳನ್ನು ಮಾತ್ರವಲ್ಲ, ಎಮ್ಮೆಯ ಯಜಮಾನರನ್ನೂ ಅಟ್ಟಿದರು. ಸೌದೆಗೆಂದು ಕತ್ತಿ ಹಿಡಿದು ಬಂದ ತಮ್ಮ ಓರಗಿತ್ತಿಗೂ "ಅದನ್ನ್ ಮುಟ್ಟುಕಾಗ" ಎಂದರು. ಕಡಿಯಲು ಕಲಿಸಿದ್ದೇ ನೀವಲ್ಲವೇ ಎಂದು ಓರಗಿತ್ತಿ ಕೇಳಿದರೆ, ಕಲಿಸಿದವರಿಗೆ ಬಿಡಿಸುವ ಹಕ್ಕೂ ಇದೆ ಎಂಬ ಉತ್ತರ ಬಂತು.

ನಾಲ್ಕೈದು ವರ್ಷಕ್ಕೆ ಗಿಡಗಳು ಆಳೆತ್ತರವಾಗಿ ನೀರಿಗೆ ಬೇರಿನ ಕಾಲು ಬಿಟ್ಟವು. ಒಂದು ಬೆಳಿಗ್ಗೆ ಅತ್ತೆ ಆ ಬೇರುಗಳ ಸಂದಿಗೆ ಕೈಹಾಕಿ ಚೀರಿದರು. ಓಡಿಹೋಗಿ ನೋಡಿದರೆ ಹೆಬ್ಬೆರಳಿಗೆ ಅಂಗೈಯಗಲದ ಏಡಿ ನೇತಾಡುತ್ತಿದೆ, ಅತ್ತೆಯ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಬಿಡಿಸಲು ಹೋದ ನನ್ನನ್ನು ತಡೆದು, "ಕಚ್ಲಿ, ಕಚ್ಲಿ. ಹೊಳಿಗ್ ಮತ್ತೆ ಏಡಿ ಬಂತಲೆ" ಎಂದರು. ಬೆರಳು ವಾರವಿಡೀ ಊದಿತ್ತು, ಕೇಳದವರಿಗೂ ತೋರಿಸುತ್ತಿದ್ದರು.

ಆಮೇಲೆ ಕಾಣೆ ಬಂತು, ಕೊಕ್ಕರೆಗಳು ಬಂದವು. ದಂಡೆ ಕುಸಿಯುವುದು ನಿಂತಿತು, ಉಪ್ಪುನೀರು ನುಗ್ಗದಂತೆ ಗದ್ದೆಯಂಚಿಗೆ ಕಟ್ಟಿದ ಮಣ್ಣಿನ ಏರಿಯೂ ಉಳಿಯಿತು. ಎರಡು ಮಳೆಗಾಲ ಉಪ್ಪು ತೊಳೆದುಹೋದ ಮೇಲೆ ಪಕ್ಕದ ಮನೆಯವರು ಹೆದರುತ್ತಲೇ ಭತ್ತದ ನೇಜಿ ನೆಟ್ಟರು. ಪೈರು ನಿಂತಿತು. ಆ ಗದ್ದೆಯ ಕುಚ್ಚಲಕ್ಕಿಯನ್ನು ಮೊದಲು ತಂದುಕೊಟ್ಟದ್ದು ನಮ್ಮ ಮನೆಗೆ. ನಾನು ಗಂಜಿ ಮಾಡಿ, ಕಾಣೆ ಸಾರಿನೊಂದಿಗೆ ಬಡಿಸಿದೆ. ಅತ್ತೆ ನಿಧಾನಕ್ಕೆ ಉಂಡು, ಅಕ್ಕಿ ಅಡ್ಡಿಲ್ಲ ಎಂದು ಹೇಳಿ ಮೂರನೆಯ ಸಲ ಬಟ್ಟಲು ಮುಂದೆ ಮಾಡಿದರು.