ಸಂಜೆ ಬರುತ್ತಾರೆಂದು ಬರೆದುಕೊಟ್ಟದ್ದು

ಆ ದಿನ ಬೆಳಗ್ಗೆ ಮಾಡಿದ ಕೆಲಸ ಇಷ್ಟು: ನಲ್ಲಿಯಲ್ಲಿ ಐದು ಕೊಡ ನೀರು ಹಿಡಿದೆ. ಯಜಮಾನರ ಎರಡು ಲುಂಗಿ ಒಗೆದು ಹರವಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಕುವೈತಿಗೆ ಹೋಗಬೇಕಿದ್ದ ಉಪ್ಪಿನಕಾಯಿ ಡಬ್ಬಿಯ ಬಾಯಿಗೆ ಮೇಣ ಕರಗಿಸಿ ಹಾಕಿದೆ. ಆಮೇಲೆ ಬುರ್ಖಾ ತೊಟ್ಟು, ಯಜಮಾನರ ಹಿಂದೆ ಹರಿಹರದ ನಿಲ್ದಾಣಕ್ಕೆ ನಡೆದು, ದಾವಣಗೆರೆಯ ಪೊಲೀಸ್ ಠಾಣೆಗೆ ಹೋಗಲು ಬಸ್ಸು ಹತ್ತಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಯಜಮಾನರು ಕುವೈತಿನಲ್ಲಿ ವೆಲ್ಡಿಂಗ್ ಕೆಲಸದಲ್ಲಿದ್ದರು. ಮೂರು ವರ್ಷಕ್ಕೊಮ್ಮೆ ರಜೆ. ಈ ಸಲದ ರಜೆ ಮುಗಿದಿತ್ತು, ಮಾರನೆಯ ದಿನ ಬೊಂಬಾಯಿ ಬಸ್ಸು ಹಿಡಿಯಬೇಕು, ಅಲ್ಲಿಂದ ವಿಮಾನ. ಹೇಳಿದ ದಿನಕ್ಕೆ ಹಾಜರಾಗದಿದ್ದರೆ ಅಲ್ಲಿ ಕೆಲಸವಿಲ್ಲ. ಹಿಂದಿನ ದಿನ ಟಿಕೇಟಿನ ವಿಚಾರಕ್ಕೆ ಸ್ಕೂಟರಿನಲ್ಲಿ ದಾವಣಗೆರೆಗೆ ಹೋದವರನ್ನು ಪೊಲೀಸರು ತಡೆದು, ನಂಬರ್ ನೋಡಿ, ನೇರ ಠಾಣೆಗೆ ಕರೆದೊಯ್ದಿದ್ದರು. ಕಟ್ಟದ ದಂಡ, ಕೋರ್ಟಿಗೆ ಹೋಗದೆ ಬಿಟ್ಟ ಸಮನ್ಸು, ಕೊನೆಗೆ ವಾರಂಟು. ಜೇಬಿನಲ್ಲಿದ್ದ ಪಾಸ್‌ಪೋರ್ಟನ್ನು ಇನ್‌ಸ್ಪೆಕ್ಟರು ತೆಗೆದಿಟ್ಟುಕೊಂಡು, "ಸಮನ್ಸಿಗೆ ಸಹಿ ಹಾಕಿದ ಹೆಂಗಸನ್ನ ನಾಳೆ ಕರ್ಕೊಂಡು ಬರ್ರಿ" ಎಂದು ಕಳಿಸಿದ್ದರು.

"ನೀನು ಏನಂತ ಸಹಿ ಹಾಕಿದ್ದೆ?" ಎಂದು ಯಜಮಾನರು ಬಸ್ಸಿನಲ್ಲಿ ಕೇಳಿದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ನನಗೆ ಗೊತ್ತಿತ್ತು. ಸ್ಕೂಟರನ್ನು ಯಜಮಾನರು ಊರಲ್ಲಿಲ್ಲದಾಗ ಓಡಿಸುತ್ತಿದ್ದವನು ದಾವಣಗೆರೆಯ ಆನೆಕೊಂಡದಲ್ಲಿದ್ದ ನನ್ನ ತಮ್ಮ. ಒಮ್ಮೆ ದೀಪವಿಲ್ಲದೆ, ಎರಡು ಸಲ ಮೂರು ಜನರನ್ನು ಕೂರಿಸಿಕೊಂಡು ಸಿಕ್ಕಿಬಿದ್ದಿದ್ದ. ಗಾಡಿಯ ಕಾಗದ ತೋರಿಸಿ, ಅದರಲ್ಲಿದ್ದ ಭಾವನ ಹೆಸರನ್ನೇ ತನ್ನದೆಂದು ಹೇಳಿ ಬಂದಿದ್ದ. ಸಮನ್ಸು ನಮ್ಮ ಮನೆಗೆ ಬಂದಾಗ, "ನಾ ನೋಡ್ಕೊಂತೀನಿ ಬಿಡು ಆಪಾ" ಅಂದವನು ನೋಡಿಕೊಳ್ಳಲಿಲ್ಲ. ಆದರೆ ದೊಡ್ಡ ತಪ್ಪು ನನ್ನದೇ.

ಯಜಮಾನರು ಮೊದಲ ಸಲ ಹೋದ ದಿನವೇ ಅತ್ತೆ ಹೇಳಿದ್ದರು: "ಮನ್ಯಾಗ ಗಂಡಸಿಲ್ಲ ಅಂತ ಹೊರಗಿನೋರಿಗೆ ಗೊತ್ತಾಗಬಾರ್ದು." ಯಜಮಾನರ ಹಳೆಯ ಚಪ್ಪಲಿ ಯಾವಾಗಲೂ ಬಾಗಿಲ ಹೊರಗೆ ಇರುತ್ತಿತ್ತು. ಹಗ್ಗದ ಮೇಲೆ ಅವರದೊಂದು ಅಂಗಿ ಒಣಗುತ್ತಿತ್ತು. ಪಾತ್ರೆ ಮಾರುವವನಿಗೂ, ಮೀಟರ್ ನೋಡುವವನಿಗೂ ಒಂದೇ ಮಾತು: ದಾವಣಗೆರೆಗೆ ಹೋಗಿದ್ದಾರೆ, ಸಂಜೆ ಬರುತ್ತಾರೆ. ಸಮನ್ಸು ತಂದ ಪೇದೆಗೂ ಅದನ್ನೇ ಹೇಳಿದ್ದೆ. ಬರೆದುಕೊಡಿ ಅಂದಾಗ ಬರೆದೂ ಕೊಟ್ಟಿದ್ದೆ. ಒಂದಲ್ಲ, ಮೂರು ಸಲ.

ಠಾಣೆಯ ಮುಂದೆ ತಮ್ಮ ಕಾಯುತ್ತಿದ್ದ. ಹಿಂದಿನ ರಾತ್ರಿಯೇ ಅವನಿಗೆ ಹೇಳಿ ಕಳಿಸಿದ್ದೆ. ಒಳಗೆ ಬೆಂಚಿನ ತುಂಬ ಜನ. ಇನ್‌ಸ್ಪೆಕ್ಟರರ ಮೇಜಿನ ಮೇಲೆ ಯಜಮಾನರ ಪಾಸ್‌ಪೋರ್ಟು, ಅದರ ಮೇಲೆ ಅರ್ಧ ಕುಡಿದ ಚಹಾದ ಲೋಟ. ಲೋಟದ ಅಡಿ ಒದ್ದೆಯಾಗಿತ್ತು. ನನ್ನ ಕಣ್ಣು ಅಲ್ಲಿಂದ ಕದಲಲಿಲ್ಲ.

"ಬರ್ರಿ ದುಬೈ ಸಾಹುಕಾರ್ರೆ" ಅಂದರು ಇನ್‌ಸ್ಪೆಕ್ಟರು. ಕೂರಲು ಹೇಳಲಿಲ್ಲ. "ಅಲ್ಲಿ ಕೆಂಪು ದೀಪ ದಾಟಿದ್ರೆ ಜೈಲಿಗೆ ಹಾಕ್ತಾರಂತಲ್ಲ? ಅಲ್ಲಿ ಪೊಲೀಸ್ರಿಗೆ ಸಲಾಮು, ಇಲ್ಲಿ ನಾವು ಲೆಕ್ಕಕ್ಕಿಲ್ಲ, ಹೌದಾ?"

"ಸಾಹೇಬ್ರೆ, ಆಗ ನಾ ಇಲ್ಲಿರಲೇ ಇಲ್ರಿ. ಪಾಸ್‌ಪೋರ್ಟಿನಾಗ ಸೀಲು ಐತೆ, ನೋಡ್ರಿ."

"ನೋಡೀನಿ. ಇದನ್ನೂ ನೋಡೀನಿ." ಇನ್‌ಸ್ಪೆಕ್ಟರು ಮೂರು ಹಾಳೆ ತೆಗೆದು, ಬೆಂಚಿನವರಿಗೂ ಕೇಳುವಂತೆ ಓದಿದರು. "'ಯಜಮಾನರು ದಾವಣಗೆರೆಗೆ ಹೋಗಿರುತ್ತಾರೆ. ಸಂಜೆ ಬರುತ್ತಾರೆ.' ಮೂರು ಸಲಾನೂ ಸಂಜೀಗೇ ಬರ್ತಾರ! ಸೀಲು ಸುಳ್ಳೋ, ನಿಮ್ಮ ಹೆಂಡ್ರು ಸುಳ್ಳೋ?"

ಬೆಂಚಿನಲ್ಲಿ ಯಾರೋ ನಕ್ಕರು. ಯಜಮಾನರು ನನ್ನ ಕಡೆ ತಿರುಗಿದರು. ನಿಜ ಹೇಳಿದರೆ ಇಷ್ಟು ಜನರ ಮುಂದೆ ನಮ್ಮ ಮನೆ ಗಂಡಸಿಲ್ಲದ ಮನೆಯೆಂದು ಸಾರಿದಂತೆ. ಹೇಳದಿದ್ದರೆ ಆ ಪಾಸ್‌ಪೋರ್ಟು ಅಲ್ಲೇ.

"ನಾನೇ ಸುಳ್ಳು ಬರ್ದಿದ್ದೆ ರೀ" ಅಂದೆ. "ಮನ್ಯಾಗ ನಾನು, ವಯಸ್ಸಾದ ಅತ್ತೆ ಇಬ್ರೇ. ಗಂಡಸ್ರು ಪರದೇಶದಾಗ ಅದಾರೆ ಅಂತ ಯಾರಿಗೂ ಹೇಳೋದಿಲ್ರಿ ನಾವು. ಹೆದರಿಕೆ."

"ಪೊಲೀಸ್ರಿಗೂ ಹೇಳಲ್ವಾ?"

"ಪೊಲೀಸ್ರಾದ್ರೂ ಹೊರಗಿನೋರೇ ಅಲ್ವೇನ್ರಿ."

ಪಕ್ಕದಲ್ಲಿ ನಿಂತಿದ್ದ ಪೇದೆ ತಲೆ ತಗ್ಗಿಸಿದ. ಸಮನ್ಸು ತಂದವನು ಅವನೇ. "ಹೊರಗ ಚಪ್ಲಿ ಇದ್ವು ಸಾರ್" ಎಂದು ಮೆಲ್ಲಗೆ ಹೇಳಿದ.

"ಚಪ್ಲಿ ನೋಡಿ ಬರ್ಕೊಂಡು ಬಂದ್ಯಾ ನೀನು?" ಇನ್‌ಸ್ಪೆಕ್ಟರರ ಸಿಟ್ಟು ಅವನ ಕಡೆ ತಿರುಗಿತು. ಆಮೇಲೆ ನನ್ನ ಕಡೆ. "ಮತ್ತೆ ಗಾಡಿ ಓಡಿಸಿದ್ಯಾರು? ನಿಮ್ಮತ್ತೇನಾ?"

ತಮ್ಮ ಬಾಗಿಲ ಹತ್ತಿರವೇ ನಿಂತಿದ್ದ. ಅವನು ಹೊರಟುಬಿಡುತ್ತಾನೆ ಅನಿಸಿತ್ತು. "ನಾನ್ರೀ ಸಾಹೇಬ್ರೆ" ಅಂದ. ಪೇದೆ ಅವನ ತೋಳು ಹಿಡಿದು ಎಳೆದ. "ಹೊಡೀಬ್ಯಾಡ್ರಿ" ಎಂದು ನಾನು ಕೂಗಿದೆ. ಹೊಡೆಯಲಿಲ್ಲ. ಆದರೆ ಬೆಲ್ಟು, ವಾಚು ಬಿಚ್ಚಿಸಿ ನೆಲದ ಮೇಲೆ ಕೂರಿಸಿದರು. ಯಜಮಾನರು ಅವನ ಪಕ್ಕ ತಾವೂ ಕುಕ್ಕರಗಾಲಲ್ಲಿ ಕೂತರು.

ನಾನು ಹೊಸದಾಗಿ ಬರೆದುಕೊಟ್ಟೆ. ಈ ಸಲ ಮೊದಲ ಸಾಲೇ: ನನ್ನ ಗಂಡ ಕುವೈತಿನಲ್ಲಿ ಇದ್ದರು. ಮಧ್ಯಾಹ್ನ ಪೊಲೀಸರು ತಮ್ಮನನ್ನು ಕೋರ್ಟಿಗೆ ಕರೆದೊಯ್ದರು. ಅಲ್ಲಿ ನ್ಯಾಯಾಧೀಶರು ದಂಡ ಕಟ್ಟಿಸಿಕೊಂಡು, ಸುಳ್ಳು ಹೆಸರು ಕೊಟ್ಟಿದ್ದಕ್ಕೆ ಬೈದು ಬಿಟ್ಟರಂತೆ. ವಾರಂಟು ರದ್ದಾದ ಕಾಗದ ಬರಲು ನಾಲ್ಕೂವರೆ ಆಯಿತು. ಅಲ್ಲಿಯವರೆಗೆ ಊಟವಿಲ್ಲ, ನೀರೂ ಇಲ್ಲ. ಕಾಗದ ನೋಡಿ ಇನ್‌ಸ್ಪೆಕ್ಟರು ಪಾಸ್‌ಪೋರ್ಟನ್ನು ಮೇಜಿನ ಮೇಲೆ ನಮ್ಮ ಕಡೆಗೆ ತಳ್ಳಿದರು. ಹೊದಿಕೆಯ ಮೇಲೆ ಲೋಟದ ಗುಂಡನೆಯ ಕಲೆ. ಯಜಮಾನರು ಅಂಗಿಯ ತುದಿಯಿಂದ ಒರೆಸಿ, ಒಂದೊಂದೇ ಪುಟ ತಿರುವಿ ನೋಡಿದರು.

ತಮ್ಮನನ್ನೂ ಕರೆದುಕೊಂಡು ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಅತ್ತೆ ಮಗನ ಕಡೆ ನೋಡಿ, "ಮತ್ತೇನು, ನೀನಿಲ್ಲ ಅಂತ ಓಣ್ಯಾಗ ಡಂಗುರ ಹೊಡಿಸ್ಬೇಕಿತ್ತಾ?" ಅಂದರು. ಯಜಮಾನರು ನನ್ನ ತಮ್ಮನಿಗೆ, "ನಾಳೆಯಿಂದ ನೀನು ಇಲ್ಲೇ ಬಂದು ಮಲಗು" ಎಂದರು. ಅವನು ತಲೆಯಾಡಿಸಿದ.

ಅತ್ತೆ ಮಾಡಿಟ್ಟಿದ್ದ ಅನ್ನಕ್ಕೆ ಬೇಳೆ ಸಾರು ಕಾಯಿಸಿದೆ, ನಾಲ್ಕು ಮೊಟ್ಟೆ ಹುರಿದೆ. ತಮ್ಮ ಎರಡು ಸಲ ಅನ್ನ ಹಾಕಿಸಿಕೊಂಡ. ಯಜಮಾನರು ಅರ್ಧಕ್ಕೇ ಕೈ ತೊಳೆದು, ಪಾಸ್‌ಪೋರ್ಟನ್ನು ದಿಂಬಿನ ಕೆಳಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದರು. ಎಲ್ಲರಿಗಿಂತ ಮೊದಲು ನಿದ್ದೆ ಹತ್ತಿದ್ದು ಅವರಿಗೇ.