ಕೆಂಪು ಗೆರೆ ಕಲಿಸಿದವರು

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಂಥ ಒಂದು ಗಟ್ಟಿ ಗಂಟು ಇತ್ತು. ವರ್ಷಗಟ್ಟಲೆ ಕತ್ತರಿ ಹಿಡಿದು ಮಾತ್ರೆಯ ಸ್ಟ್ರಿಪ್ ಕತ್ತರಿಸಿ ಕತ್ತರಿಸಿ ಆದದ್ದು. ಕತ್ತರಿಗೆ ದಾರ ಕಟ್ಟಿ ಕೌಂಟರಿನ ಮೊಳೆಗೆ ನೇತುಹಾಕಿದ್ದರು. ಯಾರಾದರೂ ಕೇಳದೆ ಅದನ್ನು ಮುಟ್ಟಿದರೆ ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಿದ್ದರು, ಅಷ್ಟೇ ಸಾಕಿತ್ತು. ಹಲಸೂರಿನ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಅವರ ಮೆಡಿಕಲ್ ಶಾಪ್. ಗಲ್ಲಿಗೆಲ್ಲ ಅವರು ಮೆಡಿಕಲ್ ಅಂಕಲ್, ನನಗೂ ಹಾಗೇ.

ಕಲಬುರಗಿಯಿಂದ ಬಂದು ನಾನೂ ಅಮ್ಮನೂ ಅದೇ ಗಲ್ಲಿಯ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಬಂದ ಹೊಸತರಲ್ಲಿ ನನಗೆ ನೆಗಡಿ, ಗಂಟಲು ನೋವು. ಇಂದಿರಾನಗರದ ಆಫೀಸಿಗೆ ಹೊರಟವಳು ಅವರ ಅಂಗಡಿಯಲ್ಲಿ ನಿಂತು, ಹಿಂದೊಮ್ಮೆ ತಗೊಂಡಿದ್ದ ಆಂಟಿಬಯಾಟಿಕ್ ಹೆಸರು ಹೇಳಿದೆ. ಚೀಟಿ ಎಲ್ಲಿ ಅಂದರು. ಚೀಟಿ ಇಲ್ಲ, ಹೋದ ಸಲ ಇದರಿಂದಲೇ ವಾಸಿಯಾಗಿತ್ತು ಅಂದೆ. ಹೋದ ಸಲದ ನೆಗಡಿ ಹೋಯಿತಲ್ಲ, ಇದು ಬೇರೆ ಅಂದರು. ಬೇರೆ ಅಂಗಡಿಗಳಲ್ಲಿ ಕೇಳಿದ ತಕ್ಷಣ ಕೊಡುತ್ತಾರೆ ಎಂದು ನಾನು ದನಿ ಏರಿಸಿದೆ. ಅವರು ಸಿಟ್ಟಾಗದೆ ಸ್ಟ್ರಿಪ್ ತೆಗೆದು ಗಾಜಿನ ಮೇಲೆ ಬೋರಲು ಹಾಕಿ, ಅಂಚಿನ ಕೆಂಪು ಗೆರೆಯ ಮೇಲೆ ಹೆಬ್ಬೆರಳಿಟ್ಟರು.

"ಇದು ನಾನು ಎಳೆದಿದ್ದಲ್ಲಮ್ಮ, ಕಾನೂನು ಎಳೆದಿದ್ದು. ಗೆರೆ ಇದ್ರೆ ಡಾಕ್ಟರ್ ಚೀಟಿ ಬೇಕು. ಇಲ್ಲಾಂದ್ರೆ ನಮ್ಮಪ್ಪ ಎದ್ದು ಬಂದ್ರೂ ಕೊಡಲ್ಲ."

ಆವತ್ತು ನನಗೆ ಮೈಯೆಲ್ಲ ಉರಿದಿತ್ತು. ಆದರೆ ಉಪ್ಪುನೀರಿಗೇ ಗಂಟಲು ಸರಿಹೋಯಿತು, ನಾನು ಅವರ ಶಿಷ್ಯೆಯಾಗಿಬಿಟ್ಟೆ. ಆಫೀಸಿನಿಂದ ಬರುವಾಗ ಅಂಗಡಿ ಮುಂದೆ ನಿಲ್ಲುವುದು ರೂಢಿಯಾಯಿತು. ಶೆಡ್ಯೂಲ್ ಎಚ್ ಅಂದರೆ ಚೀಟಿಗೆ ಮಾತ್ರ. ಎಚ್ ಒನ್ ಅಂದರೆ ಇನ್ನೂ ಬಿಗಿ, ಯಾರಿಗೆ ಕೊಟ್ಟಿದ್ದು ಅಂತ ಬರೆದಿಡಬೇಕು. ಎಕ್ಸ್ ಅಂದರೆ ಬೀಗ ಹಾಕಿದ ಕಪಾಟು. ಇದನ್ನೆಲ್ಲ ಕಾಫಿ ಹೀರುತ್ತಾ ಹೇಳುತ್ತಿದ್ದರು. ಗಿರಾಕಿ ಬೈದುಕೊಂಡು ಹೋದರೆ ನನ್ನ ಕಡೆ ತಿರುಗಿ, "ಕೊಡಕ್ಕೆ ಕತ್ತರಿ ಸಾಕಮ್ಮ, ಇಲ್ಲ ಅನ್ನಕ್ಕೆ ಓದಿರಬೇಕು," ಅನ್ನುತ್ತಿದ್ದರು. ನಾನು ಆಫೀಸಿನಲ್ಲಿ ಎಲ್ಲರ ಮಾತ್ರೆ ತಿರುಗಿಸಿ ಗೆರೆ ಹುಡುಕಿ ಬುದ್ಧಿ ಹೇಳತೊಡಗಿದೆ. ಅಷ್ಟು ಹೆಮ್ಮೆ ನನಗೆ.

ಅವರ ಮನೆಮಾತು ತಮಿಳು. ಅಮ್ಮನನ್ನು ತಂಗಚ್ಚಿ ಎಂದು ಕರೆಯುತ್ತಿದ್ದರು, ಅಮ್ಮನಿಗೆ ಅವರು ಅಣ್ಣಾರು. ಜೋಳದ ರೊಟ್ಟಿ ಬಡಿದ ದಿನ ಅವರಿಗೂ ಎರಡು ಹೋಗಬೇಕು, ಜೊತೆಗೆ ಶೇಂಗಾ ಹಿಂಡಿ. ಅಮ್ಮನಿಗೆ ಆಗ ವಿಪರೀತ ಮೊಣಕಾಲು ನೋವು. ತರಕಾರಿ ತಂದರೆ ಮಧ್ಯದ ಮೆಟ್ಟಿಲಲ್ಲಿ ಕೂತು ಕಣ್ಣೀರು ಹಾಕುತ್ತಿದ್ದಳು. ಹಾಗಿದ್ದವಳು ಒಮ್ಮೆಗೇ ಎಲ್ಲೂ ಕೂರದೆ ಮೆಟ್ಟಿಲು ಹತ್ತತೊಡಗಿದಳು. ಊಟ ಹೆಚ್ಚಾಯಿತು, ಮುಖ ತುಂಬಿಕೊಂಡಿತು. ಬೆಂಗಳೂರಿನ ನೀರು ಹಿಡಿಸಿತು ಎಂದು ನಾನು ರೇಗಿಸಿದೆ. ಒಮ್ಮೆ ಅವಳ ಚೀಲದಲ್ಲಿ ಒಂದು ಖಾಕಿ ಕವರು, ಅದರೊಳಗೆ ಬಿಡಿ ಬಿಳಿ ಮಾತ್ರೆಗಳು ಕಂಡವು. ಕೇಳಿದ್ದಕ್ಕೆ ಅಣ್ಣಾರು ನೋವಿಗೆ ಕೊಟ್ಟಾರ ಅಂದಳು. ಸತ್ತ ಅಪ್ಪನಿಗೂ ಚೀಟಿ ಕೇಳುವ ಮನುಷ್ಯ ಕೊಟ್ಟದ್ದು. ಇನ್ನೇನು ಕೇಳುವುದು?

ಅವರು ಕಣ್ಣಿನ ಆಪರೇಷನ್ನಿಗೆಂದು ಅಂಗಡಿ ಮುಚ್ಚಿ ವೆಲ್ಲೂರಿನ ಮಗಳ ಮನೆಗೆ ಹೋದರು. ಅಮ್ಮನ ಕವರು ಖಾಲಿಯಾಯಿತು. ಕೆಲವೇ ದಿನಕ್ಕೆ ಅವಳಿಗೆ ವಾಂತಿ, ಸುಸ್ತು, ಕೊನೆಗೆ ಬಚ್ಚಲಲ್ಲಿ ಕುಸಿದುಬಿದ್ದಳು. ಆಸ್ಪತ್ರೆ ತಲುಪುವಾಗ ಬಿ.ಪಿ. ಪಾತಾಳಕ್ಕಿಳಿದಿತ್ತು. ಡಾಕ್ಟರು ಅವಳ ದುಂಡಾದ ಮುಖ, ತೋಳಿನ ನೀಲಿ ಕಲೆ ನೋಡಿ ಸ್ಟಿರಾಯ್ಡ್ ತಗೋತಿದ್ರಾ ಅಂದರು. ಸಾಧ್ಯವೇ ಇಲ್ಲ, ನಮ್ಮ ಮೆಡಿಕಲ್ ಅಂಕಲ್ ಚೀಟಿ ಇಲ್ಲದೆ ಏನನ್ನೂ ಕೊಡುವವರಲ್ಲ ಎಂದು ನಾನೇ ಸಾಕ್ಷಿ ಹೇಳಿದೆ. ಡ್ರಿಪ್ ಹಾಕಿ ಅಮ್ಮ ಚೇತರಿಸಿಕೊಂಡ ಮೇಲೆ ಕೇಳಿದರೆ, ಅವಳು ಗೋಡೆಯ ಕಡೆ ಮುಖ ಮಾಡಿ ಹೇಳಿದಳು:

"ಮಗಳಿಗೆ ಹೇಳಬ್ಯಾಡ್ರಿ, ಅಕಿ ಗೆರಿ ಹುಡುಕ್ತಾಳ ಅಂತ ಅಣ್ಣಾರು ಅಂದಿದ್ರವ್ವ."

ಹೊರಗಿನಿಂದ ಸ್ಟಿರಾಯ್ಡ್ ಸಿಗುತ್ತಿದ್ದರೆ ಮೈ ತನ್ನದನ್ನು ತಯಾರಿಸುವುದು ಬಿಡುತ್ತದೆ, ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ವಿವರಿಸುತ್ತಿದ್ದರು. ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ.

ಅಂಕಲ್ ಊರಿಂದ ಬಂದ ದಿನವೇ ಅಂಗಡಿಗೆ ಹೋಗಿ ನಿಂತೆ. ಕಪ್ಪು ಕನ್ನಡಕ ಹಾಕಿಕೊಂಡು ಶೆಲ್ಫಿನ ಧೂಳು ಒರೆಸುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. ಅಲ್ಲಗಳೆಯಲಿಲ್ಲ. ಸ್ಟೂಲಿನ ಮೇಲೆ ಕೂತರು.

"ಮೆಟ್ಟಿಲ ಮೇಲೆ ಕೂತು ಅಳ್ತಿದ್ರಮ್ಮ, ನೋಡಕ್ಕಾಗ್ಲಿಲ್ಲ. ಸ್ವಲ್ಪ ದಿನ ಅಂತ ಶುರು ಮಾಡ್ದೆ. ನಿಲ್ಸಿದ್ರೆ ಮತ್ತೆ ನೋವು, ಮತ್ತೆ ಬಂದು ನಿಂತ್ಕೊಳೋರು."

"ಸ್ಟ್ರಿಪ್ಪಿಂದ ಯಾಕೆ ಬಿಡಿಸಿ ಕೊಟ್ರಿ ಅಂಕಲ್?"

ಅವರು ಹೆಬ್ಬೆರಳಿನಿಂದ ಕೌಂಟರಿನ ಗಾಜನ್ನು ಉಜ್ಜುತ್ತಾ ಕೂತರು.

ಕರುಣೆಯಿಂದ ಕೊಟ್ಟರು, ಒಪ್ಪುತ್ತೇನೆ. ಬೀದಿಯವರಿಗೆಲ್ಲ ಇಲ್ಲ ಎನ್ನುತ್ತಿದ್ದ ಬಾಯಿಗೆ ತಂಗಿಗೆ ಇಲ್ಲ ಎನ್ನಲು ಬರಲಿಲ್ಲ, ಅದೂ ಅರ್ಥವಾಗುತ್ತದೆ. ಆದರೆ ಕೂತು ಒಂದೊಂದೇ ಮಾತ್ರೆ ಬಿಡಿಸಿ, ಗೆರೆಯಿದ್ದ ಸ್ಟ್ರಿಪ್ಪನ್ನು ಕಸದ ಡಬ್ಬಿಗೆ ಹಾಕಿದರಲ್ಲ, ಅದು ಕರುಣೆಯಲ್ಲ. ಗೆರೆ ನೋಡುವುದನ್ನು ನಾನು ಅವರಿಂದ ಕಲಿತಿದ್ದೇನೆ ಎಂದು ಗೊತ್ತಿದ್ದೇ ಮಾಡಿದ್ದು. ನನ್ನ ಕಣ್ಣಿಗೆ ಅವರೇ ಮಣ್ಣೆರಚಿದರು.

ಅಮ್ಮ ಉಳಿದಳು. ಮಾತ್ರೆಯನ್ನು ಡಾಕ್ಟರು ಸ್ವಲ್ಪಸ್ವಲ್ಪವೇ ಇಳಿಸಿ ಬಿಡಿಸಿದರು. ಸಕ್ಕರೆ ಕಾಯಿಲೆ ಮಾತ್ರ ಬಿಡಲಿಲ್ಲ, ಮೂಳೆಯೂ ಟೊಳ್ಳಾಗಿದೆ. ರಾಮಮೂರ್ತಿ ನಗರದಲ್ಲಿ ನೆಲಮಹಡಿಯ ಮನೆ ಹಿಡಿದೆವು. ನಾನು ಮೆಡಿಕಲ್ ಅಂಕಲ್‌ರನ್ನು ಬೈದಾಗಲೆಲ್ಲ ಅಮ್ಮ, ಅಷ್ಟು ದಿನ ನಾ ನಡದಾಡೀನಲ್ಲ ಅನ್ನುತ್ತಾಳೆ. ಅವಳ ಜೊತೆ ಏನು ಜಗಳ ಆಡುವುದು?

ಅವರು ಹಾಸಿಗೆ ಹಿಡಿದ ಸುದ್ದಿ ಬಂದಾಗ ಅಮ್ಮ ಹಟ ಹಿಡಿದಳು. ಆಟೋದಲ್ಲಿ ಕರೆದುಕೊಂಡು ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಆಪರೇಷನ್ ಆದ ಕಣ್ಣೂ ಮಂಜಾಗಿ, ನಮ್ಮನ್ನು ದನಿಯಿಂದಲೇ ಗುರುತಿಸಿದರು. ಅವರ ಸೊಸೆ ಮಾತ್ರೆ ತಂದರೆ ಬಾಯಿ ಬಿಗಿದುಕೊಂಡರು. ಅವಳ ಕೈಯಿಂದ ಸ್ಟ್ರಿಪ್ ಇಸಿದುಕೊಂಡು, ನಾನಿದ್ದ ಕಡೆಗೆ ಚಾಚಿದರು.

"ನೀನು ನೋಡಮ್ಮ. ಗೆರೆ ಇದ್ಯಾ?"

ಇಲ್ಲ ಅನ್ನಬಹುದಿತ್ತು. ಅವರಿಗೆ ಕಾಣುತ್ತಿರಲಿಲ್ಲ, ಒಂದು ಮಾತಿನಲ್ಲಿ ಮುಗಿಯುತ್ತಿತ್ತು, ಪಾಪ ಆ ಸೊಸೆಗೂ ಸುಲಭವಾಗುತ್ತಿತ್ತು.

"ಇದೆ ಅಂಕಲ್," ಅಂದೆ.

ಚೀಟಿ ಎಲ್ಲಿ ಅಂದರು. ಸೊಸೆ ತಂದುಕೊಟ್ಟ ಚೀಟಿಯನ್ನು ಡಾಕ್ಟರ ಹೆಸರಿನಿಂದ ಹಿಡಿದು ಹೊತ್ತುಹೊತ್ತಿನ ಲೆಕ್ಕದವರೆಗೆ ಓದಿ ಹೇಳಿದೆ. ಆಮೇಲೆ ಬಾಯಿ ತೆರೆದರು. ಮಾತ್ರೆ ಹಾಕಿ ನೀರು ಕುಡಿಸಿದೆ.

ಅದೇ ವಾರ ಹೋಗಿಬಿಟ್ಟರು. ಅಮ್ಮ ಅತ್ತಳು, ನನಗೆ ಅಳು ಬರಲಿಲ್ಲ. ಅವರು ಕೇಳಿದ್ದಕ್ಕೆ ನಾನು ಇದ್ದದ್ದನ್ನು ಇದ್ದಂತೆ ಹೇಳಿದ್ದೆ. ಅಮ್ಮನಿಗೆ ಅವರಿಂದ ಸಿಗಬೇಕಾಗಿದ್ದದ್ದೂ ಅಷ್ಟೇ.