ಮಳೆಯಿಲ್ಲದೆ ಸೋರಿದ ಅಟ್ಟ

ಕೇಳಿ ಸ್ನೇಹಿತರೇ, ಮಳೆಯೇ ಇಲ್ಲದೆ ಸೋರುವ ಅಟ್ಟವನ್ನು ಇವತ್ತು ಕಲ್ಲಡ್ಕದ ಹೋಟೆಲೊಂದರಲ್ಲಿ ನೋಡಿದೆ. ಅದನ್ನು ಮಾಡಿದ ಆಚಾರಿ ನಾನೇ. ಹಂಚಿನ ಕಾವು ಕೆಳಗೆ ಇಳಿಯದಿರಲೆಂದು ಹಲಗೆ ಹೊಡೆದು, ಮೇಲೆ ದಪ್ಪಗೆ ಮಣ್ಣು ಮೆತ್ತಿ, ಗಾಳಿಯಾಡಲು ಎರಡೂ ತುದಿಯಲ್ಲಿ ಮರದ ಜಾಲರಿ ಇಟ್ಟಿದ್ದೆ.

"ಎಂಥದು ಆಚಾರ್ರೆ, ಗಿರಾಕಿಯ ಸಾಂಬಾರಿಗೆ ನೀರು ಬೀಳ್ತಾ ಉಂಟು! ನಾಳೆಯೇ ಎಲ್ಲ ಕಿತ್ತು ಹಾಕಿಸ್ತೇನೆ" ಎಂದು ಹೋಟೆಲಿನ ಭಟ್ರು ಗುಡುಗಿದರು. ರೇಡಿಯೋ ಕೇಳುತ್ತಿದ್ದವರೆಲ್ಲ ನನ್ನತ್ತ ತಿರುಗಿದರು.

ಏಣಿ ಹತ್ತಿ ನೋಡಿದೆ. ಮಣ್ಣೆಲ್ಲ ಒದ್ದೆ. ಎರಡೂ ಜಾಲರಿಗೆ ಯಾರೋ ಸೀಮೆಎಣ್ಣೆ ಡಬ್ಬದ ತಗಡು ಬಡಿದಿದ್ದರು.

"ಇದು ಯಾರ ಕೆಲಸ?"

"ನಂದೇ. ಹೊರಗಿನ ಬಿಸಿಗಾಳಿ ಒಳಗೆ ಬರಬಾರದಲ್ಲ!" ಎಂದರು ಭಟ್ರು.

ಅವರ ಅಡುಗೆಮನೆಯೊಳಗೆ ನನಗೆ ಪ್ರವೇಶವಿಲ್ಲ. ಹೊಸ್ತಿಲಲ್ಲೇ ನಿಂತು, "ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿ ಭಟ್ರೆ" ಎಂದೆ. ಎತ್ತಿದರು. ಟಪಟಪನೆ ನೀರು ಅವರ ಕಾಲ ಮೇಲೆಯೇ ಬಿತ್ತು.

"ಈ ಹಬೆ ಅಟ್ಟಕ್ಕೆ ಏರ್ತದೆ, ಅಲ್ಲಿಂದ ಜಾಲರಿಯಲ್ಲಿ ಹೊರಗೆ ಹೋಗ್ಬೇಕು. ನೀವು ಅಟ್ಟಕ್ಕೇ ಮುಚ್ಚಳ ಹಾಕಿದ್ದೀರಿ."

ಭಟ್ರು ಏಣಿ ಹತ್ತಿ ತಗಡು ಕಿತ್ತರು. ನಾನು ಚಹಾ ಮುಗಿಸುವಷ್ಟರಲ್ಲಿ ಪಕ್ಕದ ಮೇಜಿನವರಿಗೆ ಅವರ ಪಾಠ ಶುರುವಾಗಿತ್ತು: "ಅಟ್ಟಕ್ಕೆ ಗಾಳಿ ಬೇಕು ಮಾರಾಯ್ರೆ. ಈ ಆಚಾರಿಗಳಿಗೆ ಎಷ್ಟು ಹೇಳಿದ್ರೂ ಗೊತ್ತಾಗುದಿಲ್ಲ!"